ಟರ್ಬೊ ಕಾರಿನ ಉಚ್ಛ್ವಾಸ–ನಿಶ್ವಾಸ

ಪ್ರಸ್ತಾವನೆ

ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುತ್ತ ಬಂದ ಕನ್ನಡ ಪಂಡಿತನೊಬ್ಬನು ಮೋಟಾರು ಗಾಡಿಯ ಯಂತ್ರವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಮಹಾಶಯರು ಅಚ್ಚರಿಪಡುವುದು ಸಹಜವೇ ಆಗಿದೆ. ಈ ವಿಷಯದಲ್ಲಿ ನನಗೆ ಅಧಿಕಾರವಿಲ್ಲವೆಂಬುದನ್ನು ಮೊದಲಲ್ಲೇ ಒಪ್ಪಿಕೊಳ್ಳುತ್ತೇನೆ. ಆದರೆ ಅಧಿಕಾರವಿಲ್ಲದ ವಿಷಯದಲ್ಲಿ ಹಿಂದೊಮ್ಮೆ ಬಾಯಿ ಹಾಕಿ ತಪ್ಪುಮಾಡಿದವನು ನಾನು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿ ಕಲಿತದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮೂರು ವರ್ಷಗಳ ಹಿಂದಿನ ಮಾತು. ಅರಕಲಗೂಡು ತಾಲ್ಲೂಕಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಕೊಂಡ ಹಳೆಯ ಟರ್ಬೊ ಡೀಸೆಲ್ ಕಾರನ್ನು ತೋರಿಸುವ ಉತ್ಸಾಹದಿಂದ ಶಾಲೆಯ ಆವರಣಕ್ಕೆ ಬಂದನು. ಕಂಪನಿಯವರು ಕೊಟ್ಟಿದ್ದ ಏರ್ ಫಿಲ್ಟರಿನ ಪೆಟ್ಟಿಗೆಯನ್ನು ತೆಗೆಸಿ ಅದರ ಜಾಗದಲ್ಲಿ ಶಂಕುವಿನಾಕಾರದ ಬಯಲು ಫಿಲ್ಟರನ್ನೂ, ಸೈಲೆನ್ಸರನ್ನು ತೆಗೆಸಿ ನೇರವಾದ ಅಗಲ ಕೊಳವೆಯನ್ನೂ ದೂರದ ನಗರವೊಂದರ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದಿದ್ದನು. ತಂದೆ ಆಲೂಗಡ್ಡೆಯ ಬೆಳೆಯಲ್ಲಿ ಉಳಿಸಿದ್ದ ಹಣದ ಒಂದು ಪಾಲು ಅದಕ್ಕೆ ಸಂದಿತ್ತು. ಅವನು ಆಕ್ಸಿಲರೇಟರನ್ನು ತುಳಿದಾಗ ಎದ್ದ ಗರ್ಜನೆಗೆ ಹತ್ತನೆಯ ತರಗತಿಯ ಹುಡುಗರೆಲ್ಲ ಕಿಟಕಿಗೆ ಮುಗಿಬಿದ್ದರು. ನಾನೂ ಹೊರಗೆ ಬಂದು, ಏನೊಂದನ್ನೂ ಅರಿಯದೆ, “ಭಲೇ, ಗಾಡಿಗೆ ಒಳ್ಳೆಯ ಶಕ್ತಿ ಬಂದಿದೆಯಪ್ಪಾ” ಎಂದು ಅವನ ಬೆನ್ನು ತಟ್ಟಿದೆನು. ಮೇಷ್ಟ್ರೇ ಮೆಚ್ಚಿದರೆಂಬ ಮಾತು ಹುಡುಗರಲ್ಲಿ ಹಬ್ಬಿತು.

ಆರು ತಿಂಗಳು ತುಂಬುವುದರೊಳಗೆ ಅದೇ ಕಾರಿನಲ್ಲಿ ಅವನೊಡನೆ ಚನ್ನರಾಯಪಟ್ಟಣದ ಮದುವೆಯೊಂದಕ್ಕೆ ಹೋಗಿ ಹಿಂದಿರುಗುತ್ತಿದ್ದಾಗ, ಹೊಳೆನರಸೀಪುರ ಇನ್ನೂ ಕೆಲವು ಮೈಲಿ ಇರುವಂತೆ ಗಾಡಿ ಶಕ್ತಿಗುಂದಿತು. ಹಿಂದೆ ತಿರುಗಿ ನೋಡಿದರೆ ರಸ್ತೆಯುದ್ದಕ್ಕೂ ನೀಲಿ ಹೊಗೆ. ಹೊಳೆನರಸೀಪುರದಲ್ಲಿ ಗ್ಯಾರೇಜು ನಡೆಸುತ್ತಿರುವ ನಮ್ಮ ಶಾಲೆಯದೇ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಗಾಡಿಯನ್ನು ಎಳೆಸಿಕೊಂಡು ಹೋಗಿ, ಮರುದಿನ ಟರ್ಬೊವನ್ನು ಬಿಚ್ಚಿ ನನ್ನ ಮುಂದಿಟ್ಟು, “ಮೇಷ್ಟ್ರೇ, ತಾವೇ ನೋಡಿ” ಎಂದನು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಚಕ್ರ. ಅದರ ರೆಕ್ಕೆಗಳ ಅಂಚನ್ನೆಲ್ಲ ಇಲಿ ಕಡಿದಂತೆ ಧೂಳು ತಿಂದುಹಾಕಿತ್ತು. ನಾನು ಹೊಗಳಿದ್ದ ಶಕ್ತಿಯ ನಿಜಸ್ಥಿತಿ ಅದಾಗಿತ್ತು. ಮುಂದಿನ ಹಲವು ಭಾನುವಾರಗಳಲ್ಲಿ ಆ ಗ್ಯಾರೇಜಿಗೆ ಹೋಗಿ ಶಿಷ್ಯನಿಗೆ ಶಿಷ್ಯನಾಗಿ ಕುಳಿತೆನು. ಈ ಲೇಖನ ಆ ಪಾಠದ ಫಲ.

ಟರ್ಬೊ ಎಂದರೇನು?

ಯಾವ ಇಂಜಿನ್ನೇ ಆಗಲಿ, ಅದಕ್ಕೆ ಎಣ್ಣೆಯಷ್ಟೇ ಗಾಳಿಯೂ ಆಹಾರ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯುವುದಕ್ಕೆ ಹದಿನಾಲ್ಕೂವರೆ ಕಿಲೋಗ್ರಾಮಿಗಿಂತ ಹೆಚ್ಚಿನ ಗಾಳಿ ಬೇಕು. ನಮ್ಮ ಹಾಸನದ ಹವೆಯಲ್ಲಿ ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿಗೆ ಸುಮಾರು 10,000 ಲೀಟರು ಗಾಳಿ. ಇಂಜಿನ್ನಿನ ಬಲವನ್ನು ಹೆಚ್ಚಿಸಬೇಕಾದರೆ ಹೆಚ್ಚು ಎಣ್ಣೆಯನ್ನು ಸುರಿದರೆ ಸಾಲದು. ಅದಕ್ಕೆ ತಕ್ಕಷ್ಟು ಗಾಳಿಯನ್ನೂ ಒಳಗೆ ತುಂಬಬೇಕು. ಗಾಳಿ ಸಾಲದೆ ಹೋದರೆ ಎಣ್ಣೆ ಕರಿಹೊಗೆಯಾಗಿ ಹೋಗುತ್ತದೆ.

ಗಾಳಿಯನ್ನು ಒತ್ತಿ ತುಂಬುವ ಉಪಾಯವೇ ಟರ್ಬೊ. ಉರಿದ ಎಣ್ಣೆಯ ಶಾಖದಲ್ಲಿ ಹೆಚ್ಚು ಕಡಮೆ ಮೂರನೆಯ ಒಂದು ಪಾಲು ಹೊಗೆಯೊಡನೆ ಹೊರಗೆ ಹೋಗಿ ವ್ಯರ್ಥವಾಗುತ್ತದೆ. ಹಾಗೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ಕಳುಹಿಸಬಹುದೆಂದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು ಯೋಚಿಸಿ 1905ರಲ್ಲಿ ಪೇಟೆಂಟು ಪಡೆದರು. ಕಾರುಗಳಿಗೆ ಈ ಸಾಧನ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ನಮ್ಮ ದೇಶದಲ್ಲಿ 2007ರಲ್ಲಿ ಮಾರುತಿ ಸ್ವಿಫ್ಟ್ ಕಾರಿನ ಡೀಸೆಲ್ ಮಾದರಿ ಬಂದ ಮೇಲೆ ಹಳ್ಳಿಯ ರೈತನ ಮನೆಯಂಗಳಕ್ಕೂ ಟರ್ಬೊ ಬಂತೆನ್ನಬಹುದು. ಆ ಡೀಸೆಲ್ ಮಾದರಿ 2020ರಲ್ಲಿ ನಿಂತುಹೋಯಿತಾದರೂ ಹಳೆಯ ಗಾಡಿಗಳು ನಮ್ಮ ನಾಲ್ಕೂ ತಾಲ್ಲೂಕುಗಳ ರಸ್ತೆಗಳಲ್ಲಿ ಇನ್ನೂ ಓಡಾಡುತ್ತಿವೆ.

ನಮ್ಮ ತರಗತಿಯ ಫ್ಯಾನು ನಿಮಿಷಕ್ಕೆ ಮುನ್ನೂರು ನಾನ್ನೂರು ಸುತ್ತು ತಿರುಗುತ್ತದೆ. ಚಿಕ್ಕ ಕಾರಿನ ಟರ್ಬೊ ಪೂರ್ಣಬಲದಲ್ಲಿರುವಾಗ ನಿಮಿಷಕ್ಕೆ ಒಂದೂವರೆ ಲಕ್ಷ, ಎರಡು ಲಕ್ಷ ಸುತ್ತು ತಿರುಗುತ್ತದೆ. ಅದರ ರೆಕ್ಕೆಯ ಅಂಚು ಶಬ್ದದ ವೇಗವನ್ನು ಮುಟ್ಟುವಂತೆ ಚಲಿಸುತ್ತದೆ. ಆ ಅಚ್ಚನ್ನು ಎತ್ತಿಹಿಡಿದಿರುವುದು ಎಣ್ಣೆಯ ತೆಳುಪದರವೊಂದೇ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಉಚ್ಛ್ವಾಸದ ಚಕ್ರವೂ ನಿಶ್ವಾಸದ ಚಕ್ರವೂ ಒಂದೇ ಅಚ್ಚಿಗೆ ಕೂಡಿಕೊಂಡಿವೆ. ಒಂದನ್ನು ಮುಟ್ಟಿದರೆ ಇನ್ನೊಂದನ್ನು ಮುಟ್ಟಿದಂತೆಯೇ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುತ್ತವೆ. ಒಂದು ಗಣಕ್ಕೆ ಒಂದೇ ಒಂದು ಮಾತ್ರೆಯನ್ನು ಕೂಡಿಸಿದರೆ ಕೆಡುವುದು ಆ ಗಣವೊಂದೇ ಅಲ್ಲ, ಪದ್ಯದ ನಡೆಯೇ ಕುಂಟುತ್ತದೆ. ಟರ್ಬೊ ಇಂಜಿನ್ನಿನ ರಚನೆಯೂ ಅಂತಹದೇ.

ಉಚ್ಛ್ವಾಸದ ದಾರಿ

ಹೊರಗಿನ ಗಾಳಿ ಮೊದಲು ಫಿಲ್ಟರಿನ ಪೆಟ್ಟಿಗೆಯನ್ನು ಸೇರುತ್ತದೆ. ಮಡಿಕೆ ಮಡಿಕೆಯಾದ ಕಾಗದ ಅಲ್ಲಿ ಧೂಳನ್ನು ತಡೆಯುತ್ತದೆ. ಅನೇಕ ಕಾರುಗಳಲ್ಲಿ ಅದರ ಮುಂದೆ ಗಾಳಿಯ ತೂಕವನ್ನು ಅಳೆಯುವ ಸೂಕ್ಷ್ಮವಾದ ಸೆನ್ಸರು ಇರುತ್ತದೆ. ಬಳಿಕ ಟರ್ಬೊದ ಚಕ್ರ ಗಾಳಿಯನ್ನು ಒತ್ತುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲ ಹುಡುಗರೂ ಬಲ್ಲರು. ಹಾಗೆಯೇ ಒತ್ತಿದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯ ಮೂಲಕ ಹಾಯಿಸಿ ತಣಿಸಿ ಇಂಜಿನ್ನಿಗೆ ಕೊಡುತ್ತಾರೆ.

ಪೆಟ್ಟಿಗೆಯನ್ನು ತೆಗೆದು ಬಯಲು ಫಿಲ್ಟರನ್ನು ಹಾಕಿದಾಗ ಆಗುವುದೇನು? ಮೊದಲನೆಯದಾಗಿ, ಪೆಟ್ಟಿಗೆ ಮುಂಭಾಗದ ತಂಪು ಗಾಳಿಯನ್ನು ತರುತ್ತಿತ್ತು. ಬಯಲು ಫಿಲ್ಟರು ಬಾನೆಟ್ಟಿನ ಕೆಳಗಿನ ಬಿಸಿ ಗಾಳಿಯನ್ನು ಹೀರುತ್ತದೆ. ಎರಡನೆಯದಾಗಿ, ಸೆನ್ಸರಿನ ಲೆಕ್ಕ ಮೂಲ ಕೊಳವೆಯ ಅಗಲವನ್ನು ನಂಬಿ ಮಾಡಿದ್ದು. ಕೊಳವೆಯ ಅಗಲ ಬದಲಾದರೆ ಅಳತೆಗೋಲೇ ಸುಳ್ಳಾಗುತ್ತದೆ. ಎಣ್ಣೆ ಸವರಿದ ಬಟ್ಟೆಯ ಫಿಲ್ಟರುಗಳಲ್ಲಿ ಎಣ್ಣೆ ಹೆಚ್ಚಾದರೆ ಅದು ಸೆನ್ಸರಿಗೆ ಅಂಟಿಕೊಳ್ಳುವುದೂ ಉಂಟು. ಮೂರನೆಯದಾಗಿ, ಧೂಳು. ಅಗ್ಗದ ಫಿಲ್ಟರು ಗಾಳಿಗೆ ಸಲೀಸಾಗಿ ದಾರಿಬಿಡುತ್ತದೆಯೆಂದರೆ ಧೂಳಿಗೂ ದಾರಿಬಿಡುತ್ತದೆಯೆಂದೇ ಅರ್ಥ. ಶಬ್ದದ ವೇಗದಲ್ಲಿ ತಿರುಗುವ ರೆಕ್ಕೆಗೆ ಮರಳಿನ ಕಣವೊಂದು ತಗುಲಿದರೆ ಅದು ಕಣವಲ್ಲ, ಉಳಿಯ ಏಟು.

ನಮ್ಮ ಸೀಮೆಯಲ್ಲಿ ಈ ಮಾತಿಗೆ ವಿಶೇಷ ಬೆಲೆಯಿದೆ. ಅರಕಲಗೂಡು, ಹೊಳೆನರಸೀಪುರಗಳ ಒಳರಸ್ತೆಗಳ ಕೆಂಧೂಳು ಎಲ್ಲರೂ ಬಲ್ಲದ್ದೇ. ಸುಗ್ಗಿಯ ಕಾಲದಲ್ಲಿ ಡಾಂಬರು ರಸ್ತೆಯೇ ಕಣವಾಗಿ, ರಾಗಿ, ಹುರುಳಿಗಳ ಹೊಟ್ಟು ಗಾಳಿಯಲ್ಲೆಲ್ಲ ತುಂಬಿರುತ್ತದೆ. ನಮ್ಮ ಶಿಷ್ಯನ ಕಾರಿನಲ್ಲಿ ಫಿಲ್ಟರು ಅಗ್ಗದ್ದಾಗಿದ್ದುದಲ್ಲದೆ ಅದರ ಮುಂದಿನ ಕೊಳವೆಯ ಕ್ಲಿಪ್ಪೂ ಸಡಿಲವಾಗಿತ್ತು. ಧೂಳು ರೆಕ್ಕೆಯನ್ನು ಸವೆಸಿತು. ಸವೆದ ಚಕ್ರ ತೂಕ ತಪ್ಪಿ ಅದುರಿತು. ಅದುರಿದ ಅಚ್ಚು ಬೇರಿಂಗನ್ನು ಕೆಡಿಸಿತು. ಕೆಟ್ಟ ಬೇರಿಂಗಿನಿಂದ ಎಣ್ಣೆ ಒಸರಿ ನೀಲಿ ಹೊಗೆಯಾಯಿತು. ಇನ್ನೂ ಸ್ವಲ್ಪ ದೂರ ಓಡಿಸಿದ್ದರೆ ಡೀಸೆಲ್ ಇಂಜಿನ್ನು ತನ್ನ ಎಣ್ಣೆಯನ್ನೇ ಕುಡಿದು, ಬೀಗದ ಕೈ ತಿರುಗಿಸಿದರೂ ನಿಲ್ಲದೆ ಓಡಿ ಒಡೆದುಹೋಗುವ ಅಪಾಯವಿತ್ತೆಂದು ಗ್ಯಾರೇಜಿನ ಶಿಷ್ಯನು ಹೇಳಿದಾಗ ನನ್ನ ಎದೆ ನಡುಗಿತು.

ಇನ್ನೊಂದು ಸಂಗತಿ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದು ಪಾಲು ಕಡಮೆ. ಟರ್ಬೊ ಇಲ್ಲದ ಇಂಜಿನ್ನು ಆ ಮಟ್ಟಿಗೆ ಬಲಗುಂದುತ್ತದೆ. ಟರ್ಬೊ ಇದ್ದರೆ ಅದು ಇನ್ನಷ್ಟು ವೇಗವಾಗಿ ತಿರುಗಿ ಕೊರತೆಯನ್ನು ತುಂಬಿಕೊಡುತ್ತದೆ. ಎಂದರೆ ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಟರ್ಬೊ ಈಗಾಗಲೇ ಹೆಚ್ಚು ದುಡಿಯುತ್ತಿದೆ. ಅದರ ಮೇಲೆ ಮತ್ತಷ್ಟು ಭಾರವನ್ನು ಹೊರಿಸುವವರು ಇದನ್ನು ಮರೆಯಬಾರದು.

ನಿಶ್ವಾಸದ ದಾರಿ

ಹೊಗೆ ಇಂಜಿನ್ನನ್ನು ಬಿಟ್ಟು ಟರ್ಬೊದ ಚಕ್ರವನ್ನು ತಿರುಗಿಸಿ, ಡೌನ್‌ಪೈಪ್ ಎಂಬ ಕೊಳವೆಯಲ್ಲಿಳಿದು, ಕ್ಯಾಟಲಿಟಿಕ್ ಕನ್ವರ್ಟರನ್ನು ಹಾದು, ಸೈಲೆನ್ಸರಿನ ಮೂಲಕ ಹೊರಬೀಳುತ್ತದೆ. ಪೆಟ್ರೋಲ್ ಕಾರಿನ ಕನ್ವರ್ಟರಿನಲ್ಲಿ ಜೇನುಗೂಡಿನಂತಹ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳನ್ನು ಲೇಪಿಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿನಂತಹ ವಿಷಾನಿಲ ಅಲ್ಲಿ ಬಹುಮಟ್ಟಿಗೆ ನಿರಪಾಯಕಾರಿ ಅನಿಲವಾಗಿ ಮಾರ್ಪಡುತ್ತದೆ. ಈಚಿನ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರೂ ಇರುತ್ತದೆ.

ಸತ್ಯವನ್ನು ಮರೆಮಾಚಬಾರದು. ಟರ್ಬೊವಿನ ಆಚೆಗೆ ಹೊಗೆಯ ದಾರಿ ಸಲೀಸಾದಷ್ಟೂ ಚಕ್ರ ಬೇಗ ವೇಗ ಹಿಡಿಯುತ್ತದೆಂಬುದು ನಿಜವೇ. ಸಾಮಾನ್ಯ ಇಂಜಿನ್ನಿಗಿಂತ ಟರ್ಬೊ ಇಂಜಿನ್ನಿಗೆ ಅಗಲವಾದ ಕೊಳವೆಯಿಂದ ಲಾಭ ಹೆಚ್ಚು. ಆದರೆ ಗಾಳಿಯ ಒತ್ತಡ ಎಷ್ಟಿರಬೇಕೆಂಬುದನ್ನು ನಿರ್ಣಯಿಸುವುದು ಕೊಳವೆಯಲ್ಲ, ಇಂಜಿನ್ನಿನ ಕಂಪ್ಯೂಟರು. ಒತ್ತಡ ಮಿತಿಯನ್ನು ಮುಟ್ಟಿದೊಡನೆ ಅದು ವೇಸ್ಟ್‌ಗೇಟ್ ಎಂಬ ಬಾಗಿಲಿನಿಂದಲೋ ರೆಕ್ಕೆಗಳ ಕೋನವನ್ನು ತಿರುಗಿಸಿಯೋ ಹೆಚ್ಚಿನ ಹೊಗೆಯ ಬಲವನ್ನು ತಗ್ಗಿಸುತ್ತದೆ. ಆದ್ದರಿಂದ ಕೊಳವೆಯೊಂದನ್ನೇ ಬದಲಾಯಿಸಿದವನಿಗೆ ದೊರೆಯುವ ಲಾಭ ಅತ್ಯಲ್ಪ. ಲಾಭ ಬರಬೇಕಾದರೆ ಕಂಪ್ಯೂಟರಿನ ಲೆಕ್ಕವನ್ನೂ ತಿದ್ದಬೇಕು. ಅದನ್ನು ತಿದ್ದಿದರೆ ಕ್ಲಚ್ಚು, ಗೇರುಪೆಟ್ಟಿಗೆ, ಪಿಸ್ಟನ್ನು, ಬ್ರೇಕು ಎಲ್ಲವೂ ಆ ಬಲವನ್ನು ತಾಳಬೇಕು. ಒಂದು ಮಾತ್ರೆಯನ್ನು ಕೂಡಿಸಿದವನು ಕೊನೆಗೆ ಪದ್ಯವನ್ನೆಲ್ಲ ಹೊಸದಾಗಿ ಕಟ್ಟಬೇಕಾಗುತ್ತದೆ. ಮೋಟಾರು ಸ್ಪರ್ಧೆಗಳಲ್ಲಿ ಹಾಗೆ ಕಟ್ಟುವವರಿದ್ದಾರೆ. ನಮ್ಮ ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿ ಸ್ಪರ್ಧೆಯ ಭಾರತದ ಸುತ್ತು ನಡೆದದ್ದುಂಟು. ಅಲ್ಲಿ ಸಂಚಾರ ಮುಚ್ಚಿದ ದಾರಿ, ಪರೀಕ್ಷಕರು, ಉಕ್ಕಿನ ಪಂಜರ, ಬೆಂಕಿ ನಂದಿಸುವ ಸಾಧನ ಎಲ್ಲವೂ ಇರುತ್ತವೆ. ಆ ವಿದ್ಯೆಗೆ ಅದು ತಕ್ಕ ಸ್ಥಳ. ಸಂತೆಗೆ ಹೋಗುವ ರಸ್ತೆಯಲ್ಲ.

ಸದ್ದು ಮತ್ತು ಶಕ್ತಿ

ಸೈಲೆನ್ಸರ್ ಎಂಬ ಪದದ ಅರ್ಥವೇ ಸದ್ದಡಗಿಸುವುದು. ಸದ್ದು ಹೆಚ್ಚಿಸುವ ಸೈಲೆನ್ಸರು ಎಂಬ ಮಾತನ್ನು ಶಾಸ್ತ್ರಕಾರರು ವದತೋವ್ಯಾಘಾತವೆನ್ನುತ್ತಾರೆ. ಆಡಿದವನ ಮಾತನ್ನು ಆಡಿದ ಮಾತೇ ಮುರಿಯುವುದೆಂದು ಅದರ ತಾತ್ಪರ್ಯ. ಟರ್ಬೊ ಚಕ್ರ ಹೊಗೆಯ ಬಡಿತವನ್ನು ಸ್ವಲ್ಪ ಮಟ್ಟಿಗೆ ತಾನೇ ತಗ್ಗಿಸುತ್ತದೆ. ಅಷ್ಟಾದರೂ ಕೊಳವೆ ಗರ್ಜಿಸುತ್ತದೆಂದರೆ, ಚಕ್ರಕ್ಕೆ ಹೋಗಬೇಕಾದ ಶಕ್ತಿಯೇನೂ ಹೆಚ್ಚಾಗಿಲ್ಲ. ಹೋಗುವ ಸದ್ದನ್ನು ತಡೆಯುವ ಗೋಡೆ ಬಿದ್ದಿದೆ, ಅಷ್ಟೆ. ನನ್ನ ಕಿವಿ ಮೋಸಹೋದದ್ದು ಇಲ್ಲಿಯೇ.

ಡೆಸಿಬೆಲ್ ಎಂಬ ಅಳತೆಯಲ್ಲಿ ಹತ್ತು ಹೆಚ್ಚಾದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. 2000ರ ಶಬ್ದಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಣ 100 ಮೀಟರು ಪ್ರದೇಶ ನಿಶ್ಶಬ್ದ ವಲಯ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿಯದು 40. ಹಾಸನದ ಬಿ.ಎಂ. ರಸ್ತೆಯ ಬದಿಯಲ್ಲಿ ಪಾಠ ಹೇಳಿದ ಅಧ್ಯಾಪಕರನ್ನು ಕೇಳಿ ನೋಡಿ. ಒಂದು ಗಾಡಿ ಗರ್ಜಿಸಿ ಹೋದರೆ ಅರ್ಧ ವಾಕ್ಯ ನಿಲ್ಲುತ್ತದೆ. ನಿಂತ ವಾಕ್ಯವನ್ನು ಮತ್ತೆ ಎತ್ತಿಕೊಳ್ಳುವುದರೊಳಗೆ ಹಿಂದಿನ ಬೆಂಚಿನ ಹುಡುಗನ ಮನಸ್ಸು ಗಾಡಿಯ ಹಿಂದೆ ಹೋಗಿರುತ್ತದೆ.

ಶಾಖ ಮತ್ತು ಹುರುಳಿಸೊಪ್ಪು

ಟರ್ಬೊವಿಗೆ ಬರುವ ಹೊಗೆಯ ಶಾಖ ಡೀಸೆಲ್ ಗಾಡಿಗಳಲ್ಲಿ 700 ಡಿಗ್ರಿ ಸೆಲ್ಸಿಯಸ್ಸನ್ನೂ ಪೆಟ್ರೋಲ್ ಗಾಡಿಗಳಲ್ಲಿ 900 ಡಿಗ್ರಿಯನ್ನೂ ಮೀರಬಹುದು. ಆದ್ದರಿಂದಲೇ ತಯಾರಕರು ಕೊಳವೆಯ ಸುತ್ತ ತಗಡಿನ ಮರೆಗಳನ್ನು ಇಟ್ಟಿರುತ್ತಾರೆ. ಹೊಸ ಕೊಳವೆಯನ್ನು ಹಾಕುವವರು ಆ ಮರೆಗಳು ಅಡ್ಡಬರುತ್ತವೆಂದು ಕಿತ್ತೆಸೆಯುವುದುಂಟು. ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿಸೊಪ್ಪು ಗಾಡಿಯಡಿಗೆ ಸುತ್ತಿಕೊಂಡು, ಕಾದ ಕೊಳವೆಗೆ ತಗುಲಿ, ಗಾಡಿಗಳು ಹೊತ್ತಿ ಉರಿದ ಸುದ್ದಿಗಳು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಸುಗ್ಗಿಯ ಕಾಲಕ್ಕೆ ಬರುತ್ತಲೇ ಇರುತ್ತವೆ. ರಸ್ತೆಯನ್ನು ಕಣಮಾಡುವುದು ತಪ್ಪು. ಆ ಮಾತನ್ನು ನಮ್ಮ ರೈತ ಬಂಧುಗಳಿಗೂ ಹೇಳಬೇಕು. ಆದರೆ ಮರೆಯಿಲ್ಲದ ಕೆಂಗಾದ ಕೊಳವೆಯೊಡನೆ ಆ ರಸ್ತೆಯಲ್ಲಿ ಹೋಗುವುದು ಎರಡನೆಯ ತಪ್ಪು. ಎರಡು ತಪ್ಪುಗಳು ಕೂಡಿದಲ್ಲಿ ಪ್ರಾಣಕ್ಕೆ ಸಂಚಕಾರ.

ಶಾಖದ ಇನ್ನೊಂದು ಪಾಠವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಶಿರಾಡಿ ಘಾಟಿಯನ್ನು ಹತ್ತಿ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲುವವರು ತಟಕ್ಕನೆ ಇಂಜಿನ್ನನ್ನು ನಿಲ್ಲಿಸದೆ, ಒಂದು ನಿಮಿಷ ಸುಮ್ಮನೆ ಓಡಲು ಬಿಡುವುದು ಲೇಸು. ಇಲ್ಲದಿದ್ದರೆ ಕಾದ ಅಚ್ಚಿನಲ್ಲಿ ಎಣ್ಣೆ ಹರಿಯದೆ ನಿಂತು ಸೀದು ಇದ್ದಿಲಾಗುತ್ತದೆ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಇಂತಹ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಶಬ್ದ, ಹೊಗೆಗಳ ಮಿತಿಯನ್ನು ಮೀರಿದರೆ ದಂಡ 10,000 ರೂಪಾಯಿಯವರೆಗೆ ಏರಬಹುದು. ಚಾಲನಾ ಪರವಾನಗಿಯೂ ಮೂರು ತಿಂಗಳು ಕೈತಪ್ಪಬಹುದು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಭಾರತ್ ಸ್ಟೇಜ್ 6 ಎಂಬ ಕಟ್ಟುನಿಟ್ಟಾದ ಹೊಗೆಯ ಮಾನದಂಡ ಜಾರಿಗೆ ಬಂದಿದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕಿತ್ತು ತಂದ ಸೈಲೆನ್ಸರುಗಳನ್ನು ಸಾಲಾಗಿಟ್ಟು ಅವುಗಳ ಮೇಲೆ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ವಾಚಕರು ನೋಡಿರಬಹುದು. ಇದಕ್ಕಿಂತ ಮಿಗಿಲಾಗಿ, ಮಾರ್ಪಾಟು ಮಾಡಿದ ಗಾಡಿಗೆ ತಯಾರಕರ ಖಾತರಿ ತಪ್ಪಬಹುದು. ಅಪಘಾತವಾದಾಗ ವಿಮೆಯವರು ತಕರಾರೆತ್ತಲು ಅವಕಾಶವಾಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು?

ಈ ಪ್ರಶ್ನೆಯನ್ನು ಗ್ಯಾರೇಜಿನ ಶಿಷ್ಯನಿಗೆ ಹಾಕಿದೆನು. ಅವನ ಉತ್ತರ ಹೀಗಿತ್ತು: “ಮೇಷ್ಟ್ರೇ, ಬಲ ಸಾಲದೆಂದು ನನ್ನ ಹತ್ತಿರ ಬರುವ ಗಾಡಿಗಳಲ್ಲಿ ಬಹುಪಾಲಿಗೆ ಹೊಸ ಬಲ ಬೇಕಾಗಿಲ್ಲ. ಕಳೆದುಕೊಂಡ ಬಲವನ್ನು ಹುಡುಕಿಕೊಟ್ಟರೆ ಸಾಕು.” ಧೂಳಿನ ರಸ್ತೆಯಲ್ಲಿ ಓಡಾಡುವವರು ಕಂಪನಿಯದೇ ಕಾಗದದ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ಬದಲಾಯಿಸಬೇಕು. ಇಂಟರ್‌ಕೂಲರಿನ ರಬ್ಬರು ಕೊಳವೆಗಳಲ್ಲಿ ಬಿರುಕಿದೆಯೇ, ಕ್ಲಿಪ್ಪು ಸಡಿಲವಾಗಿದೆಯೇ ಎಂದು ನೋಡಿಸಬೇಕು. ತಯಾರಕರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ, ಹೊತ್ತಿಗೆ ಸರಿಯಾಗಿ ಬದಲಾಯಿಸಬೇಕು. ಇಷ್ಟರಿಂದಲೇ ಸೋರಿಹೋದ ಬಲ ಮರಳಿ ಬರುತ್ತದೆ. ಖರ್ಚೂ ಕಡಮೆ, ಸದ್ದೂ ಇಲ್ಲ.

ಉಪಸಂಹಾರ

ನಮ್ಮ ಅರಕಲಗೂಡಿನ ಶಿಷ್ಯನು ಬೇರೆ ಟರ್ಬೊವನ್ನು ಹಾಕಿಸಿ, ಮೂಲದ ಪೆಟ್ಟಿಗೆ, ಕನ್ವರ್ಟರು, ಸೈಲೆನ್ಸರುಗಳನ್ನು ಮತ್ತೆ ಜೋಡಿಸಿಕೊಂಡಿದ್ದಾನೆ. ಅದಕ್ಕೆ ತಗುಲಿದ ವೆಚ್ಚ ಇನ್ನೊಂದು ಬೆಳೆಯ ಉಳಿತಾಯವನ್ನು ತಿಂದಿತು. ಅವನು ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನ್ನ ಮನಸ್ಸು ಇಷ್ಟು ನೋಯುತ್ತಿರಲಿಲ್ಲ.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ. ಇಂದಿನ ಮಕ್ಕಳು ಪ್ರೀತಿಸುವ ವಸ್ತುಗಳನ್ನು ನಾವು ಅರಿಯದೆ ಹೊಗಳುವುದೂ ತಪ್ಪು, ಅರಿಯದೆ ತೆಗಳುವುದೂ ತಪ್ಪು. ಆ ಹುಡುಗನ ಯಂತ್ರಪ್ರೇಮ ದೋಷವಲ್ಲ. ಅದಕ್ಕೆ ತಕ್ಕ ತಿಳಿವಳಿಕೆಯನ್ನು ಕೊಡದಿದ್ದುದು ನಮ್ಮ ದೋಷ. ಗ್ಯಾರೇಜು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಬಂದು ಮೇಲಿನ ತರಗತಿಗಳಿಗೆ ಒಂದು ಪಾಠ ಹೇಳಲಿ. ದಾನಿಗಳಾದ ಮಹನೀಯರು ಮನಸ್ಸುಮಾಡಿದರೆ, ಒಳರಚನೆ ಕಾಣುವಂತೆ ಸೀಳಿದ ಹಳೆಯ ಇಂಜಿನ್ನೊಂದನ್ನು ವಿಜ್ಞಾನದ ಕೊಠಡಿಯಲ್ಲಿ ಇರಿಸುವುದು ದುಬಾರಿಯ ಕೆಲಸವಲ್ಲ. ಹೊಳೆನರಸೀಪುರದ ಶಿಷ್ಯನು ಧೂಳು ತಿಂದ ಆ ಪುಟ್ಟ ಚಕ್ರವನ್ನು ಈಗಾಗಲೇ ಶಾಲೆಗೆ ಕೊಟ್ಟಿದ್ದಾನೆ. ಅದು ನನ್ನ ಮೇಜಿನ ಮೇಲಿದೆ. ಕೇಳಿದ ಹುಡುಗರಿಗೆಲ್ಲ ಅದನ್ನು ತೋರಿಸಿ, ನಾನು ತಪ್ಪಿ ಆಡಿದ ಮಾತನ್ನೂ ಮರೆಮಾಚದೆ ಹೇಳುತ್ತಿದ್ದೇನೆ.